ನಿಂತಾಗ ಮನೆಯಾಗಬೇಕಾದ ಬಸ್ಸು: ಬಾಡಿಗೆ ಕ್ಯಾರವಾನ್ ಒಂದರ ವಿಮರ್ಶೆ

ದೂರದ ಊರುಗಳಿಗೆ ಓಡುವಂಥ ಬಸ್ಸನ್ನು ಮನೆಯಾಗಿ ಮಾರ್ಪಡಿಸಿ, ಚಾಲಕನ ಸಮೇತ ಬಾಡಿಗೆಗೆ ಕೊಡುವ ಬೆಂಗಳೂರಿನ ಸೇವೆಯೊಂದನ್ನು ನಮ್ಮ ಕುಟುಂಬ ಈ ಸಲದ ಬೇಸಿಗೆಯ ಆರಂಭದಲ್ಲಿ ಬಳಸಿಕೊಂಡಿತು. ತುಮಕೂರು, ಶಿರಾ, ಹಿರಿಯೂರು ದಾಟಿ ಚಿತ್ರದುರ್ಗ, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಹೊಸಪೇಟೆ, ಹಂಪಿ, ಆಮೇಲೆ ಬಾದಾಮಿ ಮತ್ತು ಪಟ್ಟದಕಲ್ಲು ನಾವು ಹೋಗಿಬಂದ ದಾರಿ. ಎಪ್ಪತ್ತು ದಾಟಿದ ಅಮ್ಮ, ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಚಾಲಕ, ಹೀಗೆ ಬಸ್ಸಿನಲ್ಲಿ ಆರು ಮಂದಿ ಇದ್ದೆವು. ದಿನಕ್ಕಿಷ್ಟು ಎಂದು ಬಾಡಿಗೆ, ನಿಗದಿತ ದೂರ ಮೀರಿದರೆ ಕಿಲೋಮೀಟರಿಗಿಷ್ಟು, ಚಾಲಕನ ಬಾಟಾ ಬೇರೆ, ಜನರೇಟರಿನ ಡೀಸೆಲ್ ಬೇರೆ ಎಂಬ ಒಪ್ಪಂದವನ್ನು ಮಾಲೀಕರು ಮೊದಲೇ ಬರೆದು ಕೊಟ್ಟಿದ್ದರು ಮತ್ತು ಕೊನೆಯವರೆಗೂ ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಹಣದ ವ್ಯವಹಾರದಲ್ಲಿ ನನಗೆ ಯಾವ ದೂರೂ ಇಲ್ಲ. ನನ್ನ ಮಾತು ಇರುವುದು ಬಸ್ಸಿನ ಬಗ್ಗೆ, ಅದರಲ್ಲಿ ಇದ್ದದ್ದು, ಇಲ್ಲದ್ದು, ಮತ್ತು ಇಂಥ ಬಸ್ಸೊಂದನ್ನು ನಮ್ಮ ನಾಡಿನ ಹವೆಗೂ ನಮ್ಮ ಮನೆಗಳ ರೂಢಿಗೂ ಹೊಂದುವಂತೆ ಕಟ್ಟುವುದಾದರೆ ಅದರಲ್ಲಿ ಏನೇನು ಇರಬೇಕು ಎಂಬುದರ ಬಗ್ಗೆ.

ಓಡುವಾಗ ಈ ಬಸ್ಸು ಬಹಳ ಚೆನ್ನಾಗಿತ್ತು. 12 ಮೀಟರ್ ಉದ್ದ, ಹಿಂಬದಿಯಲ್ಲಿ ಎಂಜಿನ್, ಸ್ಪ್ರಿಂಗ್ ಪ್ಲೇಟುಗಳ ಬದಲು ಗಾಳಿಚೀಲಗಳ ಮೇಲೆ ಕೂರುವ ಏರ್ ಸಸ್ಪೆನ್ಷನ್ ಇರುವುದರಿಂದ ರಸ್ತೆಯ ಉಬ್ಬುಗಳು ಒಳಗೆ ಕುಳಿತವರಿಗೆ ತಿಳಿಯುತ್ತಿರಲಿಲ್ಲ; ಹಿಂದೆ ಇನ್ನೊಂದು ಕಡೆ ಸ್ಪ್ರಿಂಗ್ ಪ್ಲೇಟಿನ ಚಾಸಿಯ ಮೇಲೆ ಕಟ್ಟಿದ ಕ್ಯಾರವಾನಿನಲ್ಲಿ ಪಾತ್ರೆಗಳ ಸದ್ದಿಗೆ ತಲೆ ಚಿಟ್ಟು ಹಿಡಿದಿದ್ದ ನನಗೆ ಇದು ದೊಡ್ಡ ಸಮಾಧಾನ. ಮರಗೆಲಸ ಅಚ್ಚುಕಟ್ಟಾಗಿತ್ತು, ಬೀರುಗಳ ಬಾಗಿಲುಗಳಿಗೆ ಒತ್ತಿದರಷ್ಟೇ ತೆರೆಯುವ ಚಿಲಕಗಳಿದ್ದವು, ಹಾಸಿಗೆಗಳು ಶುಭ್ರವಾಗಿದ್ದವು, ಕೆಳಗಿನ ಡಿಕ್ಕಿಯಲ್ಲಿ ಒಂದು ಸಂಸಾರದ ಸಾಮಾನೆಲ್ಲ ಹಿಡಿಯುವಷ್ಟು ಜಾಗವಿತ್ತು. ಹಿಂಭಾಗದ ಕೋಣೆಯಲ್ಲಿ ಎರಡು ಗೋಡೆಗೂ ಟಿ.ವಿ., ಚಾವಣಿಯ ಉದ್ದಕ್ಕೂ ಬಣ್ಣ ಬದಲಿಸುವ ದೀಪಗಳು, ಚರ್ಮದ ಹೊದಿಕೆಯ ಸೋಫಾ ಎಲ್ಲವೂ ಇದ್ದವು.

ಆದರೆ ಬಸ್ಸು-ಮನೆಯ ಪರೀಕ್ಷೆ ನಡೆಯುವುದು ಅದು ಓಡುವಾಗ ಅಲ್ಲ, ಎಂಜಿನ್ ಆರಿಸಿ ನಿಂತ ಮೇಲೆ. ಹೊರಗಿನ ಕರೆಂಟು, ಹೊರಗಿನ ನಲ್ಲಿ, ಹೊರಗಿನ ಶೌಚಾಲಯ ಯಾವುದನ್ನೂ ಕೇಳದೆ, ಪಕ್ಕದವರಿಗೆ ತೊಂದರೆ ಕೊಡದೆ, ನೆಲವನ್ನು ಕೊಳೆ ಮಾಡದೆ ಒಂದು ರಾತ್ರಿ ಮತ್ತು ಮರುದಿನದ ಮಧ್ಯಾಹ್ನದವರೆಗೆ ಅದು ಆರು ಮಂದಿಯನ್ನು ನೆಮ್ಮದಿಯಾಗಿ ಇಟ್ಟುಕೊಳ್ಳಬಲ್ಲದೇ ಎಂಬುದೊಂದೇ ನಾನು ಇಟ್ಟುಕೊಂಡ ಅಳತೆಗೋಲು, ಮತ್ತು ಈ ಅಳತೆಗೋಲಿಗೆ ನಮ್ಮ ಬಸ್ಸು ಹಲವು ಕಡೆ ನಿಲ್ಲಲಿಲ್ಲ.

ಮೊದಲನೆಯದು ವಿದ್ಯುತ್ತು. ಬಸ್ಸಿನ ಮೂಲ ಎ.ಸಿ. ಎಂಜಿನ್ ಓಡಿದರೆ ಮಾತ್ರ ಕೆಲಸ ಮಾಡುತ್ತದೆ. ಆದ್ದರಿಂದ ಮಲಗುವ ಕೋಣೆಗೆ ಮನೆಗಳಲ್ಲಿರುವಂಥ ಒಂದೂವರೆ ಟನ್ನಿನ ಎ.ಸಿ.ಯನ್ನು ಬೇರೆಯಾಗಿ ಹಾಕಿದ್ದರು. ಅದಕ್ಕೆ ಆಧಾರವಾಗಿ ಇದ್ದದ್ದು ಮನೆಯ ಯು.ಪಿ.ಎಸ್.ಗೆ ಹಾಕುವಂಥ 12 ವೋಲ್ಟಿನ, 150 ಆಂಪಿಯರ್-ಅವರ್‌ನ ಎರಡು ಲೆಡ್-ಆಸಿಡ್ ಬ್ಯಾಟರಿಗಳು. ಲೆಕ್ಕ ಹಾಕಿದರೆ ಅವೆರಡರಲ್ಲಿ ತುಂಬಿರುವುದು 3.6 ಯುನಿಟ್, ಬ್ಯಾಟರಿ ಬೇಗ ಹಾಳಾಗಬಾರದೆಂದರೆ ಬಳಸಬಹುದಾದದ್ದು ಅದರ ಅರ್ಧ. ಬಿಸಿಲಿನಲ್ಲಿ ಕಾದ ಬಸ್ಸನ್ನು ತಂಪು ಮಾಡಲು ಒಂದೂವರೆ ಟನ್ನಿನ ಎ.ಸಿ. ಗಂಟೆಗೆ ಸುಮಾರು ಒಂದೂವರೆ ಯುನಿಟ್ ಎಳೆಯುತ್ತದೆ. ಅಂದರೆ ರಾತ್ರಿ ಹತ್ತಕ್ಕೆ ಹಾಕಿದರೆ ಹನ್ನೊಂದೂಕಾಲರ ಒಳಗೆ ಕಥೆ ಮುಗಿಯಿತು, ಅಲ್ಲಿಂದ ಬೆಳಗಿನವರೆಗೆ ಜನರೇಟರ್. ಹಂಪಿಯಲ್ಲಿ ಹಗಲೆಲ್ಲ ಕಾದ ಬಂಡೆಗಳು ಮಧ್ಯರಾತ್ರಿಯಾದರೂ ತಣಿಯುವುದಿಲ್ಲ. ನಾವು ಬಸ್ಸು ನಿಲ್ಲಿಸಿದ್ದು ಕಮಲಾಪುರದ ವಸತಿಗೃಹವೊಂದರ ಅಂಗಳದಲ್ಲಿ. ಜನರೇಟರಿನ ಗುಡುಗುಡು ಸದ್ದಿಗೆ ಮೇಲಿನ ಮಹಡಿಯವರು ಕಿಟಕಿ ಮುಚ್ಚಿಕೊಂಡದ್ದನ್ನು ನೋಡಿ ನಾನೇ ಅದನ್ನು ಆರಿಸಲು ಹೇಳಿದೆ.

ಆರಿಸಿದ ಮೇಲೆ ಗೊತ್ತಾದದ್ದು, ಹಾಸಿಗೆಗಳ ಮೇಲೆ ಒಂದೂ ಫ್ಯಾನ್ ಇರಲಿಲ್ಲ ಎಂಬುದು. ಎ.ಸಿ. ಇದ್ದ ಮೇಲೆ ಫ್ಯಾನ್ ಯಾಕೆ ಎಂದುಕೊಂಡು ಬಾಡಿ ಕಟ್ಟಿದವರು ಬಿಟ್ಟಿರಬೇಕು. ಈಗ ಸಿಗುವ, ಕಡಿಮೆ ಕರೆಂಟು ಎಳೆಯುವ ಬಿ.ಎಲ್.ಡಿ.ಸಿ. ಫ್ಯಾನುಗಳು 30 ವಾಟ್ ಆಸುಪಾಸಿನಲ್ಲಿ ತಿರುಗುತ್ತವೆ. ಮೂರು ಫ್ಯಾನು ಹತ್ತು ಗಂಟೆ ಓಡಿದರೂ ಒಂದು ಯುನಿಟ್ ಮುಟ್ಟುವುದಿಲ್ಲ. ಆ ಬಡ ಬ್ಯಾಟರಿಗಳೇ ರಾತ್ರಿಯಿಡೀ ನಮಗೆ ಗಾಳಿ ಕೊಡಬಹುದಾಗಿತ್ತು. ಕಿಟಕಿ ತೆರೆಯೋಣವೆಂದರೆ ಎ.ಸಿ. ಬಸ್ಸಿನ ಕೂಡಿಸಿದ ಗಾಜು, ತೆರೆಯುವುದಿಲ್ಲ. ಆದ್ದರಿಂದ ನನ್ನ ಕನಸಿನ ಬಸ್ಸಿನ ಪಟ್ಟಿಯಲ್ಲಿ ಎ.ಸಿ.ಗಿಂತ ಮೇಲೆ ಬರುವುದು ಜಾರುವ ಕಿಟಕಿ, ಅದಕ್ಕೆ ತೆಗೆದು ತೊಳೆಯಬಹುದಾದ ಸೊಳ್ಳೆ ಜಾಲರಿ, ಪ್ರತಿ ಹಾಸಿಗೆಗೆ ಒಂದು ಫ್ಯಾನು, ಮತ್ತು ಬಿಸಿಗಾಳಿಯನ್ನು ಮೇಲಿನಿಂದ ಹೊರಗೆ ಎಳೆದುಹಾಕುವ ಒಂದು ಚಾವಣಿ ಫ್ಯಾನು.

ಆ ನಂತರ ಎ.ಸಿ.ಯ ಮಾತು. ಒಂದು ಟನ್ನಿನ ಇನ್ವರ್ಟರ್ ಎ.ಸಿ. ಕೋಣೆ ತಂಪಾದ ಮೇಲೆ ಸರಾಸರಿ 600 ವಾಟ್‌ನಷ್ಟರಲ್ಲಿ ನಡೆಯುತ್ತದೆಂದು ಹಿಡಿದರೆ ಎಂಟು ಗಂಟೆಗೆ ಐದು ಯುನಿಟ್ ಬೇಕು. ಫ್ಯಾನು, ದೀಪ, ಫ್ರಿಜ್, ನೀರಿನ ಪಂಪು, ಬೆಳಗಿನ ಅಡುಗೆಗೆ ಇಂಡಕ್ಷನ್ ಒಲೆ ಎಲ್ಲ ಸೇರಿದರೆ 10 ಯುನಿಟ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸಾಕು. ಇದು ದುಬಾರಿ ನಿಜ, ಆದರೆ ಲೆಡ್-ಆಸಿಡ್‌ನಂತೆ ಅರ್ಧಕ್ಕೇ ನಿಲ್ಲಿಸಬೇಕಾಗಿಲ್ಲ, ತೂಕವೂ ಬಹಳ ಕಡಿಮೆ. 12 ಮೀಟರ್ ಬಸ್ಸಿನ ಚಾವಣಿ ಸುಮಾರು 30 ಚದರ ಮೀಟರ್, ಎ.ಸಿ.ಯ ಹೊರಭಾಗಕ್ಕೂ ಗಾಳಿಕಿಂಡಿಗೂ ಜಾಗ ಬಿಟ್ಟರೂ 540 ವಾಟ್‌ನ ಆರು ಸೌರ ಫಲಕಗಳು ಕೂರುತ್ತವೆ. ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ, ಮಲಗಿಸಿದಂತೆ ಕೂರಿಸಿದರೂ, ದೂಳು ಒರೆಸಿಟ್ಟರೆ ದಿನಕ್ಕೆ 12 ಯುನಿಟ್‌ನ ಆಸುಪಾಸು ಸಿಗುತ್ತದೆ. ಫಲಕಗಳನ್ನು ಚಾವಣಿಗೆ ಅಂಟಿಸದೆ ಮೂರು ನಾಲ್ಕು ಇಂಚು ಎತ್ತರಿಸಿ ಕೂರಿಸಿದರೆ ಇನ್ನೊಂದು ಲಾಭವಿದೆ: ಅವುಗಳ ಕೆಳಗೆ ಗಾಳಿ ಆಡುತ್ತದೆ, ಚಾವಣಿಗೆ ನೆರಳು ಬೀಳುತ್ತದೆ, ಬಸ್ಸು ಕಾಯುವುದೇ ಕಡಿಮೆಯಾಗುತ್ತದೆ.

ಶಾಖವನ್ನು ಒಳಗೆ ಬಂದ ಮೇಲೆ ಓಡಿಸುವುದಕ್ಕಿಂತ ಬರದಂತೆ ತಡೆಯುವುದು ಸುಲಭ ಎಂಬುದು ಬಾಡಿಗೆ ಬಸ್ಸನ್ನು ಕಟ್ಟಿದವರಿಗೆ ಹೊಳೆದಂತಿರಲಿಲ್ಲ. ಗಾಜಿನ ಒಳಗೆ ದಪ್ಪ ಪರದೆಗಳಿದ್ದವು. ಆದರೆ ಗಾಜು ದಾಟಿ ಬಂದ ಬಿಸಿಲು ಪರದೆಯನ್ನು ಕಾಯಿಸಿ, ಪರದೆ ಕೋಣೆಯನ್ನು ಕಾಯಿಸುತ್ತಿತ್ತು. ಬೇಕಾದದ್ದು ಹೊರಗಿನ ನೆರಳು, ಅಂದರೆ ಬಸ್ಸಿನ ಎಡಮಗ್ಗುಲಿನ ಉದ್ದಕ್ಕೂ ಬಿಚ್ಚಿ ಕಟ್ಟಬಹುದಾದ ಒಂದು ಚಪ್ಪರದ ಬಟ್ಟೆ. ಗೋಡೆಯ ತಗಡಿಗೂ ಒಳಗಿನ ಹಲಗೆಗೂ ನಡುವೆ ಶಾಖನಿರೋಧಕ ತುಂಬುವಾಗ ಕಬ್ಬಿಣದ ಪಕ್ಕೆಗಳ ಮೇಲೂ ಅದು ಹಾಯಬೇಕು, ಇಲ್ಲದಿದ್ದರೆ ಶಾಖ ಆ ಪಕ್ಕೆಗಳ ಮೂಲಕವೇ ಒಳಗೆ ಬರುತ್ತದೆ. ಮಧ್ಯಾಹ್ನ ನಾನು ಗೋಡೆಗೆ ಕೈಯಿಟ್ಟು ನೋಡಿದಾಗ ಪಕ್ಕೆ ಎಲ್ಲೆಲ್ಲಿದೆ ಎಂದು ಕಣ್ಣುಮುಚ್ಚಿ ಹೇಳಬಹುದಾಗಿತ್ತು. ಹಾಗೆ ತುಂಬುವ ವಸ್ತು ಬೆಂಕಿಗೆ ಬೇಗ ಹೊತ್ತಿಕೊಳ್ಳದಂಥದ್ದಾಗಿರಬೇಕು. ಥರ್ಮಾಕೋಲ್ ತುಂಬುವುದು ಯಾವ ಕಾರಣಕ್ಕೂ ಸಲ್ಲದು.

ನೀರಿನ ವಿಷಯಕ್ಕೆ ಬರುತ್ತೇನೆ. ಬಸ್ಸಿನಲ್ಲಿದ್ದದ್ದು 200 ಲೀಟರಿನ ಟ್ಯಾಂಕು. ಗೋಡೆಯ ಶವರ್ ನಿಮಿಷಕ್ಕೆ ಎಂಟು ಲೀಟರ್ ಸುರಿದರೂ ಐದು ನಿಮಿಷದ ಸ್ನಾನಕ್ಕೆ 40 ಲೀಟರ್. ಐವರು ಮಿಂದರೆ ಟ್ಯಾಂಕು ಬರಿದು. ಬಕೆಟ್ಟು, ಮಗ್ಗು ಹಿಡಿದು ಮಿಂದರೆ ಒಬ್ಬರಿಗೆ 15 ಲೀಟರ್ ಸಾಕು, ಆದರೆ ಸ್ನಾನದ ಕೋಣೆಯಲ್ಲಿ ಬಕೆಟ್ಟು ಇಡಲು ಜಾಗವನ್ನೇ ಬಿಟ್ಟಿರಲಿಲ್ಲ! ಅಮ್ಮ ಕಮೋಡಿನ ಮುಚ್ಚಳದ ಮೇಲೆ ಕುಳಿತು, ಬಕೆಟ್ಟನ್ನು ಕೈತೊಳೆಯುವ ಬೇಸಿನ್ನಿನ ಕೆಳಗೆ ಓರೆಯಾಗಿ ತುರುಕಿ, ಚೊಂಬಿನಲ್ಲಿ ನೀರು ಮೊಗೆದುಕೊಂಡು ಸ್ನಾನ ಮುಗಿಸಬೇಕಾಯಿತು. ಎರಡು ಟಿ.ವಿ.ಗಳಿಗೆ ಯೋಚಿಸಿದ ಜನ ಒಂದು ಬಕೆಟ್ಟಿಗೆ ಯೋಚಿಸಲಿಲ್ಲವಲ್ಲ ಎಂದು ನನಗೆ ಬೇಸರವಾಯಿತು. ಕನಸಿನ ಬಸ್ಸಿನಲ್ಲಿ 400 ಲೀಟರ್ ನೀರು ಇರಲಿ. ಅದು 400 ಕಿಲೋ ತೂಕ ಎಂಬುದನ್ನು ಮರೆಯದೆ ಎರಡು ಟ್ಯಾಂಕುಗಳಾಗಿ ಒಡೆದು, ಒಳಗೆ ಅಡ್ಡಹಲಗೆ ಕೊಟ್ಟು, ಮುಂದಿನ ಹಿಂದಿನ ಗಾಲಿಗಳ ನಡುವೆ ಎರಡೂ ಮಗ್ಗುಲಿಗೆ ಸಮನಾಗಿ ಕೂರಿಸಬೇಕು. ಒಂದೇ ದೊಡ್ಡ ಟ್ಯಾಂಕು ಅರ್ಧ ತುಂಬಿದ್ದಾಗ ತಿರುವಿನಲ್ಲಿ ನೀರೆಲ್ಲ ಒಂದು ಕಡೆಗೆ ಓಡಿ ಬಸ್ಸನ್ನು ಎಳೆಯುತ್ತದೆ.

ಇನ್ನು ಬಾಗಿಲಿನ ಪಕ್ಕದಲ್ಲಿ, ಹೊರಗಡೆ, ಮೊಣಕಾಲೆತ್ತರಕ್ಕೆ ಒಂದು ನಲ್ಲಿ. ದೇವಸ್ಥಾನದಿಂದಲೋ ಹೊಲದ ಬದುವಿನಿಂದಲೋ ಬಂದವರು ಕೈಕಾಲು ತೊಳೆದುಕೊಂಡೇ ಒಳಗೆ ಹೆಜ್ಜೆಯಿಡುವುದು ನಮ್ಮ ಮನೆಗಳ ರೂಢಿ, ಬಸ್ಸು ಮನೆಯಾದರೆ ಆ ರೂಢಿಗೂ ಅಲ್ಲಿ ಜಾಗ ಬೇಕು. ನನ್ನ ಪಟ್ಟಿಯಲ್ಲಿ ಅತಿ ಕಡಿಮೆ ಖರ್ಚಿನದು ಇದೇ, ಮತ್ತು ನನಗೆ ಅತಿ ಪ್ರಿಯವಾದದ್ದೂ ಇದೇ.

ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯಲ್ಲಿ ಈ ಸೇವೆ ನನ್ನನ್ನು ತೀರ ನಿರಾಸೆಗೊಳಿಸಿತು. ಸ್ನಾನದ ಮತ್ತು ಪಾತ್ರೆ ತೊಳೆದ ನೀರಿಗೆ ಟ್ಯಾಂಕೇ ಇರಲಿಲ್ಲ. ಒಂದು ಪೈಪು ನೇರವಾಗಿ ನೆಲಕ್ಕೆ ಇಳಿದಿತ್ತು. ಬಾದಾಮಿಯಲ್ಲಿ ಬಸ್ಸು ನಿಲ್ಲಿಸಿದ ಜಾಗದಲ್ಲಿ ಸಾಬೂನಿನ ನೊರೆ, ಅನ್ನದ ಅಗುಳು, ಸಾರಿನ ಎಣ್ಣೆ ಎಲ್ಲ ಜನ ನಡೆದಾಡುವ ದಾರಿಗೆ ಹರಿಯತೊಡಗಿದಾಗ ಚಾಲಕರೂ ನಾನೂ ಪೈಪಿನ ಕೆಳಗೆ ಬಕೆಟ್ಟು ಇಟ್ಟು, ತುಂಬಿದಾಗಲೆಲ್ಲ ಒಯ್ದು ಚರಂಡಿಗೆ ಸುರಿದೆವು. ಶುದ್ಧ ನೀರಿನ ಟ್ಯಾಂಕು ಎಷ್ಟು ದೊಡ್ಡದೋ ಕೊಳೆನೀರಿನದ್ದೂ ಅಷ್ಟೇ ದೊಡ್ಡದಿರಬೇಕು. ಇದನ್ನು ಸೌಲಭ್ಯ ಎಂದು ಎಣಿಸುವುದೇ ತಪ್ಪು, ಇದಿಲ್ಲದ ಬಸ್ಸನ್ನು ಬಾಡಿಗೆಗೆ ಬಿಡಲೇಬಾರದು.

ಶೌಚಾಲಯದ್ದು ಬೇರೆ ತೊಡಕು. ಹೊರದೇಶಗಳ ಕ್ಯಾರವಾನುಗಳಲ್ಲಿ ಬಳಸುವ, ಕೆಳಗಿನ ಡಬ್ಬಿಯನ್ನು ಹೊರತೆಗೆದು ಖಾಲಿ ಮಾಡುವ ಮಾದರಿಯನ್ನು ಇದಕ್ಕೆ ಹಾಕಿದ್ದರು. ಆ ಡಬ್ಬಿ ಹಿಡಿಯುವುದು 20 ಲೀಟರಿನಷ್ಟು. ಅದು ಕಾಗದ ಬಳಸುವವರ ಲೆಕ್ಕ. ನೀರು ಬಳಸುವ ನಮ್ಮ ಮನೆಗಳಲ್ಲಿ ಒಂದು ಹಗಲಿಗೇ ಅದು ತುಂಬುತ್ತದೆ. ಭಾರತೀಯ ರೈಲ್ವೆ ತನ್ನ ಬೋಗಿಗಳಲ್ಲಿ ಅಳವಡಿಸಿರುವ, ರಕ್ಷಣಾ ಸಂಶೋಧನಾ ಸಂಸ್ಥೆ ಡಿ.ಆರ್.ಡಿ.ಒ. ರೂಪಿಸಿದ ಜೈವಿಕ ಶೌಚಾಲಯದಲ್ಲಿ ಬ್ಯಾಕ್ಟೀರಿಯಾಗಳು ಮಲವನ್ನು ಕೊಳೆಯಿಸಿ ಬಹುಪಾಲು ನೀರು ಮತ್ತು ಅನಿಲವಾಗಿಸುತ್ತವೆ; ಅದೇ ತತ್ತ್ವದ ಚಿಕ್ಕ ಟ್ಯಾಂಕೊಂದನ್ನು ಬಸ್ಸಿನ ಹೊಟ್ಟೆಯಲ್ಲಿ ಕೂರಿಸಿ, ಹೊರಬರುವ ನೀರನ್ನು ಕೊಳೆನೀರಿನ ಟ್ಯಾಂಕಿಗೆ ಬಿಡುವುದು ನಮಗೆ ಒಪ್ಪುವ ದಾರಿ. ಹಳೆಯ ಬಸ್ಸಿನಲ್ಲಿ ಒಳ್ಳೆಯ ಶೌಚಾಲಯ ಕಟ್ಟಲಾಗದು ಎನ್ನುವವರಿಗೆ, 2020ರಲ್ಲಿ ಕೆ.ಎಸ್.ಆರ್.ಟಿ.ಸಿ. ಗುಜರಿಗೆ ಹೋಗಬೇಕಾಗಿದ್ದ ಬಸ್ಸನ್ನು ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಮಹಿಳೆಯರಿಗಾಗಿ ‘ಸ್ತ್ರೀ ಟಾಯ್ಲೆಟ್’ ಆಗಿ ಮಾರ್ಪಡಿಸಿದ್ದನ್ನು ನೆನಪಿಸುತ್ತೇನೆ. ಅದರಲ್ಲಿ ಭಾರತೀಯ ಮತ್ತು ಪಾಶ್ಚಾತ್ಯ ಎರಡೂ ಬಗೆಯ ಶೌಚಾಲಯಗಳಿದ್ದವು, ಮಗುವಿಗೆ ಹಾಲೂಡಿಸುವ ಜಾಗವೂ ಇತ್ತು.

ಅಡುಗೆಮನೆಯನ್ನು ಬಸ್ಸಿನ ನಡುಮಧ್ಯದಲ್ಲಿ, ಮಲಗುವ ಕೋಣೆಗೆ ಒತ್ತಿಕೊಂಡಂತೆ ಇಟ್ಟಿದ್ದರು. ಚಿಮಣಿ ಹೊಗೆಯನ್ನು ಸೋಸಿ ಮತ್ತೆ ಒಳಗೇ ಬಿಡುವ ಬಗೆಯದು. ಚಹಾ, ಬ್ರೆಡ್ಡಿಗೆ ಅದು ಸಾಕು. ಒಣಮೆಣಸಿನಕಾಯಿ ಇಂಗಿನ ಒಗ್ಗರಣೆ ಹಾಕಿದ ಗಳಿಗೆಯಲ್ಲಿ ಬಸ್ಸಿನಲ್ಲಿದ್ದವರೆಲ್ಲ ಕೆಮ್ಮುತ್ತ ಕೆಳಗಿಳಿದರು. ನನ್ನ ಹೆಂಡತಿಗೆ ಬೇಕಾದದ್ದು ಡಿಕ್ಕಿಯಿಂದ ಹೊರಗೆ ಜಾರಿ ಬರುವ ಅಡುಗೆಕಟ್ಟೆ: ಚಪ್ಪರದ ನೆರಳಿನಲ್ಲಿ ನಿಂತು ರೊಟ್ಟಿ ಬಡಿಯುವಷ್ಟು ಅಗಲ, ಒಂದು ಗ್ಯಾಸ್ ಒಲೆ, ಪಕ್ಕದಲ್ಲಿ ಸಿಂಕು. ಒಳಗೆ ಮಳೆಗಾಲಕ್ಕೆಂದು ಒಂದು ಇಂಡಕ್ಷನ್ ಒಲೆ, ಹೊಗೆಯನ್ನು ನಿಜವಾಗಿ ಹೊರಗೆ ದಬ್ಬುವ ಚಿಮಣಿ ಇದ್ದರಾಯಿತು. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ಮೇಲೇರದೆ ನೆಲದ ಮಟ್ಟದಲ್ಲಿ ಮಡುಗಟ್ಟುತ್ತದೆ. ಹಾಗಾಗಿ ಸಿಲಿಂಡರು ಬಸ್ಸಿನ ಒಳಗಿನ ಬೀರುವಿನಲ್ಲಿ ಇರಬಾರದು. ಹೊರಗಿನಿಂದ ಮಾತ್ರ ತೆರೆಯುವ, ತಳದಲ್ಲಿ ಕಿಂಡಿಯಿರುವ ಪೆಟ್ಟಿಗೆಯಲ್ಲಿ ಐದು ಕಿಲೋದ ಚಿಕ್ಕ ಸಿಲಿಂಡರು ಇರಲಿ.

ಬೆಂಕಿಯ ಮಾತು ಬಂದಿತು. 2013ರ ಅಕ್ಟೋಬರ್ 30ರ ನಸುಕಿನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಆಗಿನ ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಹೊತ್ತಿ ಉರಿದು 45 ಮಂದಿ ತೀರಿಕೊಂಡರು. ಎರಡು ವಾರ ಕಳೆಯುತ್ತಲೇ ನವೆಂಬರ್ 14ರಂದು ಹಾವೇರಿಯ ಬಳಿ ಬೆಂಗಳೂರು–ಮುಂಬೈ ಬಸ್ಸಿನಲ್ಲಿ ಮತ್ತೆ 7 ಮಂದಿ. ಬಸ್ಸಿನಲ್ಲಿ ಮಲಗಿ ಪಯಣಿಸುವ ಕನ್ನಡಿಗರು ಯಾರೂ ಇವನ್ನು ಮರೆಯುವಂತಿಲ್ಲ. ಬಸ್ಸನ್ನು ಮನೆ ಮಾಡುವಾಗ ಅಡ್ಡಗೋಡೆಗಳು ಬರುತ್ತವೆ, ಬಾಗಿಲುಗಳು ಬರುತ್ತವೆ, ಮೂಲ ಬಸ್ಸಿನಲ್ಲಿದ್ದ ತುರ್ತು ಕಿಟಕಿಯ ಮುಂದೆ ಬೀರು ಬಂದು ನಿಲ್ಲುತ್ತದೆ. ನಮ್ಮ ಬಸ್ಸಿನ ಹಿಂಭಾಗದ ಕೋಣೆಯಿಂದ ಹೊರಗೆ ಹೋಗಲು ಇದ್ದ ದಾರಿ ಒಂದೇ, ಅದೂ ಅಡುಗೆಮನೆಯನ್ನು ಹಾದು. ಅಲ್ಲಿದ್ದ ತುರ್ತು ಕಿಟಕಿಯನ್ನು ಮಂಚದ ತಲೆಹಲಗೆ ಅರ್ಧ ಮುಚ್ಚಿತ್ತು; ಮೊದಲ ಸಂಜೆಯೇ ಚಾಲಕರಿಂದ ಸ್ಕ್ರೂಡ್ರೈವರ್ ಕೇಳಿ ಪಡೆದು ಆ ಹಲಗೆಯನ್ನು ಬಿಚ್ಚಿಸಿದ ಮೇಲೆಯೇ ನಾನು ಮಕ್ಕಳನ್ನು ಅಲ್ಲಿ ಮಲಗಿಸಿದ್ದು. ಪ್ರತಿ ಮಲಗುವ ಜಾಗಕ್ಕೂ ಒಳಗಿನಿಂದ ಒಂದೇ ಕೈಯಲ್ಲಿ ತೆರೆಯಬಹುದಾದ ಎರಡನೆಯ ದಾರಿ, ಹೊಗೆ ಗುರುತಿಸಿ ಕೂಗುವ ಯಂತ್ರ, ಜನರೇಟರ್ ಇದ್ದರೆ ಕಾರ್ಬನ್ ಮೋನಾಕ್ಸೈಡ್ ಗುರುತಿಸುವ ಯಂತ್ರ, ಎರಡು ತುದಿಗಳಲ್ಲೂ ಬೆಂಕಿ ಆರಿಸುವ ಸಿಲಿಂಡರು, ಇವಿಷ್ಟೂ ಇದ್ದರೆ ಉಳಿದ ಕೊರತೆಗಳನ್ನು ನಾನು ಸಹಿಸಿಕೊಂಡೇನು. ಹಾಗೆಯೇ, ಓಡುವಾಗ ಕೂರುವ ಪ್ರತಿಯೊಬ್ಬರಿಗೂ ಮುಂದಕ್ಕೆ ಮುಖ ಮಾಡಿದ, ಬೆಲ್ಟ್ ಇರುವ ಸೀಟು ಬೇಕು. ಅಡ್ಡಲಾಗಿ ಇಟ್ಟ ಸೋಫಾ ನಿಂತ ಬಸ್ಸಿಗೆ ಸೊಗಸು, ಬ್ರೇಕು ಹಾಕಿದ ಬಸ್ಸಿಗೆ ಅಲ್ಲ.

ಕಾಗದಪತ್ರಗಳ ವಿಷಯದಲ್ಲಿ ಮಾಲೀಕರು ನಾನು ಕೇಳಿದ್ದೆಲ್ಲವನ್ನೂ ತೋರಿಸಿದರು, ಆರ್.ಸಿ.ಯಲ್ಲಿ ವಾಹನದ ಬಗೆ ಮೋಟಾರ್ ಕ್ಯಾರವಾನ್ ಎಂದೇ ನಮೂದಾಗಿತ್ತು. ಇದನ್ನು ಬಾಡಿಗೆ ಹಿಡಿಯುವವರು ಕೇಳಲೇಬೇಕು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ವಾಹನದ ಮೂಲ ರೂಪವನ್ನು ಮನಬಂದಂತೆ ಬದಲಿಸಲು ಬಿಡುವುದಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ, ಮತ್ತು ಕ್ಯಾರವಾನುಗಳಿಗೆಂದೇ ಎ.ಐ.ಎಸ್.-124 ಎಂಬ ಮಾನದಂಡವಿದೆ. ಯಾವುದೋ ಶೆಡ್ಡಿನಲ್ಲಿ ಸೀಟು ಕಿತ್ತು ಮಂಚ ಹಾಕಿದ ಬಸ್ಸಿಗೆ ಅಪಘಾತವಾದರೆ ವಿಮೆಯ ಹಣಕ್ಕಾಗಿ ಅಲೆಯಬೇಕಾಗುತ್ತದೆ.

ಬಸ್ಸಿನ ಅಳತೆಯ ಬಗ್ಗೆ ನನ್ನ ಅಭಿಪ್ರಾಯ ಈ ಪ್ರವಾಸದಲ್ಲಿ ಗಟ್ಟಿಯಾಯಿತು: ನಮ್ಮ ರಸ್ತೆಗಳಿಗೆ 12 ಮೀಟರ್ ಹೆಚ್ಚಾಯಿತು, 9 ಮೀಟರ್ ಸಾಕು. ಹೆದ್ದಾರಿ ಬಿಟ್ಟು ಊರೊಳಗೆ ತಿರುಗಿದ ಕೂಡಲೇ ಜೋತುಬಿದ್ದ ತಂತಿಗಳು, ಬೇವಿನ ಕೊಂಬೆಗಳು, ಸಂತೆಯ ದಿನದ ತಳ್ಳುಗಾಡಿಗಳು ಎದುರಾಗುತ್ತವೆ. “ಸಾರ್, ನೀವು ಇಳಿದು ಸ್ವಲ್ಪ ಮೇಲೆ ನೋಡಿ, ಎ.ಸಿ. ಬಾಕ್ಸಿಗೆ ವೈರು ತಾಗುತ್ತಾ ಅಂತ” ಎಂದು ಚಾಲಕರು ಹೇಳಿದಾಗಲೆಲ್ಲ ನಾನು ಮುಂದೆ ನಡೆದು ದಾರಿ ತೋರಿಸಬೇಕಾಗುತ್ತಿತ್ತು. ಮುಳ್ಳಯ್ಯನಗಿರಿಯಂಥ ಕಿರಿದಾದ ಬೆಟ್ಟದ ದಾರಿಗಳನ್ನಂತೂ ಈ ಉದ್ದದ ಬಸ್ಸಿನಲ್ಲಿ ನೆನೆಯಲೂ ಆಗದು. ಮೂರು ಮೀಟರ್ ಕಡಿಮೆಯಾದರೆ ಒಂದು ಸೋಫಾ, ಒಂದು ಟಿ.ವಿ. ಹೋದೀತು, ಆದರೆ ಹೋಗಬಲ್ಲ ಊರುಗಳು ಹೆಚ್ಚುತ್ತವೆ. ಆರು ಫಲಕಗಳ ಬದಲು ನಾಲ್ಕೇ ಕೂರುತ್ತವೆ ಎಂಬ ನಷ್ಟವನ್ನು ನಾನು ಒಪ್ಪಿಕೊಳ್ಳುತ್ತೇನೆ. ಓಡುವಾಗ ಎಂಜಿನ್ನಿನ ಆಲ್ಟರ್ನೇಟರಿನಿಂದ ಬ್ಯಾಟರಿ ತುಂಬಿಸುವ ವ್ಯವಸ್ಥೆ ಇಟ್ಟುಕೊಂಡರೆ ಅದು ಸರಿಹೋಗುತ್ತದೆ.

ಎತ್ತರದ ನೆಲದ ಬಸ್ಸಿಗೆ ಹತ್ತುವುದು ಅಮ್ಮನಿಗೆ ಪ್ರತಿ ಸಲವೂ ಕಷ್ಟವಾಯಿತು. ಮೊದಲ ಮೆಟ್ಟಿಲೇ ಮೊಣಕಾಲಿನ ಹತ್ತಿರಕ್ಕೆ ಬರುತ್ತಿತ್ತು. ಹಿಡಿದುಕೊಳ್ಳಲು ಬಲಗಡೆ ಮಾತ್ರ ಸರಳಿತ್ತು, ಅಮ್ಮನ ಬಲವಿರುವುದು ಎಡಗೈಯಲ್ಲಿ. ಹಿರಿಯೂರಿನ ಅಂಗಡಿಯೊಂದರಲ್ಲಿ ಕೊಂಡ ಪ್ಲಾಸ್ಟಿಕ್ ಸ್ಟೂಲೇ ಕೊನೆಯವರೆಗೂ ಅವರ ಮೆಟ್ಟಿಲಾಯಿತು. ಗುಂಡಿ ಒತ್ತಿದರೆ ಕೆಳಗೆ ಇಳಿದು ಬರುವ ಒಂದು ಹೆಚ್ಚುವರಿ ಮೆಟ್ಟಿಲು, ಎರಡೂ ಕಡೆ ಹಿಡಿಕೆ, ಮೆಟ್ಟಿಲ ಮೇಲೆ ಬೀಳುವ ಒಂದು ದೀಪ, ಏರ್ ಸಸ್ಪೆನ್ಷನ್ ಹೇಗೂ ಇರುವುದರಿಂದ ನಿಂತಾಗ ಬಾಗಿಲಿನ ಮಗ್ಗುಲನ್ನು ತುಸು ತಗ್ಗಿಸುವ ಸೌಕರ್ಯ: ಬಾಡಿಗೆಗೆ ಬರುವ ಕುಟುಂಬಗಳಲ್ಲಿ ವಯಸ್ಸಾದವರು ಇದ್ದೇ ಇರುತ್ತಾರೆ ಎಂದು ತಿಳಿದವರು ಇವನ್ನು ಮೊದಲು ಹಾಕುತ್ತಾರೆ.

ಕೊನೆಯದಾಗಿ ಚಾಲಕರ ಜಾಗ. ಇಡೀ ದಿನ ನಮ್ಮೆಲ್ಲರ ಜೀವವನ್ನು ಕೈಯಲ್ಲಿ ಹಿಡಿದು ಓಡಿಸಿದ ಮನುಷ್ಯ ರಾತ್ರಿ ಮಲಗುತ್ತಿದ್ದದ್ದು ಮುಂದಿನ ಸೀಟುಗಳ ನಡುವಿನ ಓಣಿಯಲ್ಲಿ, ಚಾಪೆ ಹಾಸಿಕೊಂಡು, ಎ.ಸಿ.ಯೂ ಇಲ್ಲದೆ ಫ್ಯಾನೂ ಇಲ್ಲದೆ. ಎರಡನೆಯ ರಾತ್ರಿಯಿಂದ ಅವರನ್ನು ಮಧ್ಯದ ಸೋಫಾದ ಮೇಲೆ ಮಲಗಲು ನಾವು ಒತ್ತಾಯ ಮಾಡಿದೆವು, ಆದರೆ ಒಂದು ಸಂಸಾರದ ನಡುವೆ ಮಲಗಲು ಅವರಿಗೂ ಸಂಕೋಚ. ಚಾಲಕನ ಸೀಟಿನ ಹಿಂದೆ, ಪರದೆಯಿರುವ, ಆರು ಅಡಿ ಉದ್ದ ಎರಡೂವರೆ ಅಡಿ ಅಗಲದ ಒಂದು ಮಂಚ, ತೆರೆಯುವ ಕಿಟಕಿ, ಒಂದು ಫ್ಯಾನು, ಬಟ್ಟೆ ಇಡಲು ಒಂದು ಗೂಡು: ಇದಕ್ಕೆ ಸೋಫಾದ ಒಂದು ತುದಿಯನ್ನು ಕತ್ತರಿಸಿದರೆ ಸಾಕು. ಬಸ್ಸು ಹಿಂದಿರುಗಿಸುವಾಗ ಮಾಲೀಕರಿಗೆ ಇದನ್ನೂ, ತುರ್ತು ಕಿಟಕಿಯ ತಲೆಹಲಗೆಯನ್ನೂ, ಕೊಳೆನೀರಿನ ಪೈಪನ್ನೂ ಬಾಯಲ್ಲಿ ಹೇಳಿ, ಬರೆದೂ ಕೊಟ್ಟಿದ್ದೇನೆ. ತಲೆಹಲಗೆಯನ್ನು ಅವರು ನನ್ನೆದುರೇ ಶಾಶ್ವತವಾಗಿ ತೆಗೆಸಿದರು. ಮಿಕ್ಕೆರಡನ್ನು ಮಳೆಗಾಲದಲ್ಲಿ ಬಾಡಿಗೆ ಕಡಿಮೆಯಿರುವಾಗ ಶೆಡ್ಡಿಗೆ ಬಿಟ್ಟು ಮಾಡಿಸುವುದಾಗಿ ಒಪ್ಪಿದ್ದಾರೆ. ಮಾಡಿಸಿದ್ದಾರೆಂದು ತಿಳಿದ ಮೇಲೆ, ಚಳಿಗಾಲದಲ್ಲಿ, ಈ ಬಸ್ಸನ್ನು ನಾನು ಮತ್ತೆ ಹಿಡಿಯುತ್ತೇನೆ. ಬ್ಯಾಟರಿ ಬದಲಾಗುವವರೆಗೆ ಬೇಸಿಗೆಗೆ ಇದನ್ನು ಯಾರಿಗೂ ಹೇಳಲಾರೆ.